ಕಿಲುಬು

ಕಸಬಾ ಪೇಟೆಯ ತಾಂಬಟ್ ಆಳಿ,
ಮರದ ಮೆಟ್ಟಿಲಿನ ಮಾಳಿಗೆಯಲ್ಲಿ ನನ್ನದೊಂದು ಬಾಡಿಗೆ ಕೋಣೆ.
ಕೆಳಗೆ ಗಜಾನನ ಪೋತಫೋಡೆಯವರ ಕಮ್ಮಟ.
ಏಳೂವರೆಗೆ ಶುರು.
ಮೊದಲ ಪೆಟ್ಟಿಗೆ ಕಿವಿ ಏಳುತ್ತದೆ,
ನೂರನೆಯದಕ್ಕೆ ಮತ್ತೆ ಮಲಗುತ್ತದೆ.

ಪಾಷಾಣದ ಬಸ್ಸು ಹಿಡಿಯುತ್ತೇನೆ.
ಇಲ್ಲಿಯವರಿಗೆ ಆ ಹೆಸರು ಬರೀ ಕಲ್ಲು,
ನನ್ನ ಕಿವಿಗೆ ಇನ್ನೂ ಇಲಿಪಾಷಾಣ.

ಅಲ್ಲಿ ನಾನೂ ತಾಮ್ರದವಳೇ. ಸುತ್ತಿಗೆ ಇಲ್ಲ, ಅಷ್ಟೇ.
ಎಥನಾಲಿನಲ್ಲಿ ಎಣ್ಣೆಯಂಥದೊಂದು ಸಿಲಿಕಾನಿನ ದ್ರವ,
ಕಾಸ್ಟಿಕ್ ಸೋಡಾ, ಎರಡು ತಾಸು ಕುದಿ,
ಆಮೇಲೆ ತಾಮ್ರದ ಹಸಿರು ಲವಣ, ಚಿಟಿಕೆ ಚಿಟಿಕೆಯಾಗಿ.
ಉಪ್ಪು ತಳಕ್ಕೆ ಕೂರುತ್ತದೆ (ಸಾರಿಗೆ ಹಾಕುವ ಉಪ್ಪೇ, ಹೌದು).
ಸೋಸಿದ ಮೇಲೆ ಉಳಿದ ನೀಲಿಯಲ್ಲಿ
ಪಂಜರ ತನ್ನನ್ನು ತಾನೇ ಹೆಣೆದುಕೊಳ್ಳಬೇಕು:
ನಡುವೆ ಆರು ತಾಮ್ರ ಕೈಕೈ ಹಿಡಿದು,
ಮೇಲೊಂದು ಕೆಳಗೊಂದು ಸಿಲಿಕಾನು ಆಮ್ಲಜನಕದ ಬಳೆ.
ಹೆಣೆದುಕೊಳ್ಳಬೇಕು, ಎಂದು ಬರೆದಿಟ್ಟಿದ್ದೆ.
ಹದಿನಾಲ್ಕು ಸಲ ಹೆಣೆದುಕೊಳ್ಳಲಿಲ್ಲ.
ಗೋಂದು. ಕೆಸರು. ಒಂದು ಸಲ ಬರೀ ಕಪ್ಪು.

ಹದಿನೈದನೆಯದನ್ನು ಮರೆತೆ.
ನಫೀಸಾಗೆ ಡೆಂಗಿ, ಲೇಲೆ ಮೇಡಂ ಜೊತೆ ಜಗಳ,
ಮುಚ್ಚಳ ಸಡಿಲವಿದ್ದ ಸೀಸೆ ಮೂಲೆಯಲ್ಲಿ ಹನ್ನೊಂದು ದಿನ.
ನನ್ನ ಕೈಗೆ ಆಗದ್ದು ನನ್ನ ಮರೆವಿಗೆ ಆಗಿತ್ತು:
ಗಾಜಿನ ಗೋಡೆಗೆ ಎಳ್ಳಿನಷ್ಟು ಎಳ್ಳಿನಷ್ಟು ಹರಳು,
ಹಳೆಯ ನಲ್ಲಿಯ ಕತ್ತಿನ ಬಣ್ಣ.
ಗಾಳಿಗಿಟ್ಟರೆ ಅರೆಗಳಿಗೆಯಲ್ಲಿ ಮಂಕಾಗುತ್ತವೆ,
ಒಳಗಿನ ಎಥನಾಲು ಹಾರಿ ಮನೆಯೇ ಕುಸಿಯುತ್ತದೆ.
ಒಂದನ್ನು ಎಣ್ಣೆಯ ಹನಿಯಲ್ಲಿ ಮುಳುಗಿಸಿ
ಕ್ಷ-ಕಿರಣದ ಕೋಣೆಯವರೆಗೂ ಉಸಿರು ಬಿಗಿಹಿಡಿದು ನಡೆದೆ.

ಆರು ತಿಂಗಳ ಮೇಲೆ ಒಂದು ಸಂಜೆ
ನಿಯಮ ಮುರಿದು ಚೀಲದಲ್ಲೊಂದು ಸೀಸೆ ತಂದೆ.
ಪೋತಫೋಡೆ ಬಂಬಿನ ಹೊಟ್ಟೆಗೆ ಸಾಲಾಗಿ ಪೆಟ್ಟು ಕೂರಿಸುತ್ತಿದ್ದರು.
ಕನ್ನಡಕ ಹಣೆಗೇರಿಸಿ ಬಲ್ಬಿಗೆ ಹಿಡಿದು
"ಅಗಾ, ಹಾ ತರ್ ಕಳಂಕ!" ಎಂದರು.
ಅವರ ಮರಾಠಿಯಲ್ಲಿ ಅದು ಕಿಲುಬು.
ನನ್ನದರಲ್ಲಿ ಚಂದ್ರನಿಗೆ, ಮನೆತನಕ್ಕೆ ಮೆತ್ತುವಂಥದು.
"ಆಯುಷ್ಯವೆಲ್ಲ ನಾವು ಹುಣಸೆ ಹಾಕಿ ತಿಕ್ಕಿ ತೆಗೆದದ್ದನ್ನು
ನೀನು ಸರ್ಕಾರದ ದುಡ್ಡಿನಲ್ಲಿ ಬೆಳೆಸಿದೆಯಾ?"

ಇದು ಪಂಜರ, ಬಾಬಾ, ಅಂದೆ.
"ಹಕ್ಕಿ ಎಲ್ಲಿ?"
ಹಕ್ಕಿಯಿಲ್ಲ. ಕಂಬಿಗಳೇ ಕೆಲಸ ಮಾಡುವವು.
ಪೆರಾಕ್ಸೈಡು ಬಂದು ತಾಮ್ರಕ್ಕೆ ಮೈ ತಾಗಿಸಿ ಸಿಡಿಯುತ್ತದೆ,
ಪಕ್ಕದಲ್ಲಿ ತೂಕಡಿಸುತ್ತಿದ್ದ ಎಣ್ಣೆಯೊಂದು ಮೈಮುರಿದೆದ್ದು
ಹೆಸರು ಬದಲಿಸಿಕೊಂಡು ಹೋಗುತ್ತದೆ.
ಇದು ಮಾತ್ರ ಇದ್ದ ಹಾಗೇ ಇರುತ್ತದೆ.
"ಎಷ್ಟು ಸಲ?"

ಲೇಲೆ ಮೇಡಂ ಕೇಳಿದ್ದೂ ಅದನ್ನೇ.
ಪುಸ್ತಕದಲ್ಲಿ ವೇಗವರ್ಧಕ ಸವೆಯುವುದಿಲ್ಲ.
ನನ್ನ ನೋಟ್‌ಬುಕ್ಕಿನಲ್ಲಿ
ಮೊದಲ ಸಲ ತೊಂಬತ್ತೆರಡು,
ಮೂರಕ್ಕೆ ಎಂಬತ್ತೆಂಟು,
ಐದನೆಯದಕ್ಕೆ ಅರವತ್ತೊಂದು,
ಸೋಸಿದ ದ್ರವ ತುಸು ನೀಲಿ.

ಅವರು ಸುತ್ತಿಗೆ ತಿರುಗಿಸಿ ಅದರ ಮುಖ ತೋರಿಸಿದರು.
ಅಜ್ಜನ ಸುತ್ತಿಗೆ. ಉಕ್ಕು ಕನ್ನಡಿಯಾಗಿತ್ತು,
ನಡುವೆ ಗುಬ್ಬಿಯ ಮೊಟ್ಟೆ ಕೂರುವಷ್ಟು ತಗ್ಗು.
"ತಾಮ್ರ ಮೆತ್ತಗಿನದು, ಆದರೂ ನೋಡು."
ಆಮೇಲೆ, ಯಾವುದೋ ಗಿರಾಕಿಗೆ ಹೇಳುವಂತೆ,
"ಕಲಾಯಿ ಹಾಕಿಬಿಡು, ಹುಳಿಗೆ ತಡೆಯುತ್ತದೆ."
ಹಾಕಿದರೆ ಇದು ಏನನ್ನೂ ಮುಟ್ಟುವುದಿಲ್ಲವಲ್ಲ, ಬಾಬಾ.
ಬಂಬನ್ನು ಅರ್ಧ ಸುತ್ತು ಹೊರಳಿಸಿಕೊಂಡರು.
"ಹಾಗಾದರೆ ಸವೆಯಲಿ ಬಿಡು."

ಮಾಳಿಗೆಗೆ ಬಂದು ಆರನೆಯ ಸಲದ ಲೆಕ್ಕ ಬರೆಯಲು ಕೂತೆ.
ಹೆಬ್ಬೆರಳ ಉಗುರ ಸಂದಿಯಲ್ಲಿ ಹಸಿರು,
ಎರಡು ಸಲ ಸಾಬೂನು ಹಾಕಿದರೂ ಹೋಗಿರಲಿಲ್ಲ.
ಮನೆಯೊಡತಿಯ ಕಟ್ಟೆಯ ಮೇಲೆ ನೆನೆಸಿದ ಹುಣಸೆ ಇತ್ತು.
ನಾನು ಕೇಳಲಿಲ್ಲ.